ಗೇರುಬೀಜ ಬಂದ ದಾರಿ, ಬೆಲೆ ಬಂದ ಬಗೆ



ದೀಪಾವಳಿಗೆ ನಾಲ್ಕು ದಿವಸ ಮುಂಚೆ ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ರವೆ, ಸಕ್ಕರೆ, ಬೆಲ್ಲ ಎಲ್ಲವನ್ನೂ ಗಟ್ಟಿಯಾಗಿ ಕಿಲೋ ಲೆಕ್ಕದಲ್ಲಿ ಕೇಳಿದ ಹೆಣ್ಣುಮಗಳು ಗೋಡಂಬಿಯ ಸರದಿ ಬಂದಾಗ ದನಿ ತಗ್ಗಿಸುತ್ತಾಳೆ. "ಒಂದೈವತ್ತು ಗ್ರಾಂ ಸಾಕಪ್ಪಾ" ಅಂತಾಳೆ. ೫೦ ಗ್ರಾಂ ಎಂದರೆ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಗಾತ್ರದ ಬೀಜ ಸುಮಾರು ೩೫. ಮನೆಯಲ್ಲಿ ಏಳು ಜನ ಇದ್ದರೆ ತಲೆಗೆ ಐದಾಯಿತು. ಅದರಲ್ಲಿಯೂ ಹುರಿಯುವಾಗ ಮಕ್ಕಳು ಎರಡೆರಡು ಎತ್ತಿ ಬಾಯಿಗೆ ಹಾಕಿಕೊಂಡರೆ ಪಾಯಸಕ್ಕೆ ಉಳಿಯುವುದು ಎಷ್ಟು, ನೀವೇ ಹೇಳಿ.

ಆ ಹೆಣ್ಣುಮಗಳು ಘಟ್ಟದ ಕೆಳಗಿನವಳಾಗಿದ್ದರೆ ಇನ್ನೊಂದು ಸೋಜಿಗವುಂಟು. ಪುತ್ತೂರು, ಕಾರ್ಕಳ, ಕುಂದಾಪುರ, ಕುಮಟೆಯ ಕಡೆಯ ಗುಡ್ಡಗಳಲ್ಲಿ ಮಾರ್ಚಿ ಏಪ್ರಿಲ್ ತಿಂಗಳಲ್ಲಿ ಇದೇ ಬೀಜವನ್ನು ಬೆನ್ನು ಬಗ್ಗಿಸಿ ಹೆಕ್ಕಿದವಳು ಆಕೆಯೇ. ಹಣ್ಣು ತಿರುವಿ ಎಸೆದು, ಬೀಜ ಒಣಗಿಸಿ, ಚೀಲ ತುಂಬಿ, ಅಂದಿನ ದರಕ್ಕೆ ಕೊಟ್ಟು ಬಂದವಳೂ ಆಕೆಯೇ. ಆರು ತಿಂಗಳು ಕಳೆದ ಮೇಲೆ ಅದೇ ಬೀಜದ ತಿರುಳನ್ನು ೫೦ ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾಳೆ. ಗುಡ್ಡಕ್ಕೂ ಅಂಗಡಿಗೂ ನಡುವೆ ಈ ಬೀಜಕ್ಕೆ ಏನಾಯಿತು? ಅಷ್ಟು ಬೆಲೆ ಅದಕ್ಕೆ ಎಲ್ಲಿ ಹತ್ತಿಕೊಂಡಿತು? ಇದನ್ನು ತಿಳಿದರೆ ಕೈಯಲ್ಲಿರುವ ದುಡ್ಡಿಗೆ ಹೆಚ್ಚು ಗೋಡಂಬಿ ತರುವ ದಾರಿಯೂ ತಿಳಿಯುತ್ತದೆ. ತಿಳಿಯಬೇಕಾದರೆ ನಾವು ಸ್ವಲ್ಪ ದೂರ, ಸಮುದ್ರ ದಾಟಿ ಹೋಗಬೇಕು.

ಗೇರು ನಮ್ಮ ದೇಶದ ಮರವಲ್ಲ. ಅದರ ತವರು ದಕ್ಷಿಣ ಅಮೆರಿಕದ ಬ್ರೆಜಿಲ್, ಅದರಲ್ಲಿಯೂ ಈಶಾನ್ಯ ಭಾಗದ ಮರಳು ಕರಾವಳಿ. ಅಲ್ಲಿನ ತುಪಿ ಜನ ಇದನ್ನು 'ಅಕಾಜು' ಎಂದು ಕರೆಯುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು 'ಕಾಜು' ಆಯಿತು. ಕೊಂಕಣಿ, ಮರಾಠಿ, ಹಿಂದೀ ಭಾಷೆಗಳಲ್ಲಿ ಕಾಜೂ, ಇಂಗ್ಲಿಷಿನಲ್ಲಿ ಕ್ಯಾಶ್ಯೂ, ಎಲ್ಲಾ ಅದರದೇ ಮರಿಗಳು. ಆಂದ್ರೆ ತೆವೆ ಎಂಬ ಫ್ರೆಂಚ್ ಸಂನ್ಯಾಸಿಯೊಬ್ಬ ೧೫೫೫ರಲ್ಲಿ ಬ್ರೆಜಿಲಿಗೆ ಹೋಗಿ ಬಂದು, ಎರಡು ಮೂರು ವರ್ಷದೊಳಗೆ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಮರದ ಚಿತ್ರವನ್ನೂ ವರ್ಣನೆಯನ್ನೂ ಕೊಟ್ಟಿದ್ದಾನೆ. ಅಲ್ಲಿನ ಜನಕ್ಕೆ ಹಣ್ಣೇ ಮುಖ್ಯ. ಹಿಂಡಿ ರಸ ಕುಡಿಯುತ್ತಿದ್ದರು, ರಸ ಹುಳಿಸಿ ಮದ್ಯ ಮಾಡುತ್ತಿದ್ದರು. ಬೀಜವನ್ನು ಸುಟ್ಟು ತಿನ್ನುತ್ತಿದ್ದುದುಂಟು.

ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಇದನ್ನು ನಮ್ಮ ಪಡುವಣ ಕರಾವಳಿಗೆ ತಂದರು. ೧೫೭೮ರಲ್ಲಿ ಅಚ್ಚಾದ ಕ್ರಿಸ್ತೋಬಾಲ್ ಅಕೋಸ್ಟಾ ಎಂಬ ವೈದ್ಯನ ಪುಸ್ತಕದಲ್ಲಿ ಕೊಚ್ಚಿಯ ತೋಟಗಳಲ್ಲಿ ಈ ಮರ ಇದ್ದ ಸಂಗತಿ ಬಂದಿದೆ. ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಹೋಗದಿರಲೆಂದು ಪೋರ್ಚುಗೀಸರು ಇದನ್ನು ತಂದರು ಅಂತ ಪುಸ್ತಕ ಪುಸ್ತಕದಲ್ಲೂ ಬರೆಯುತ್ತಾರೆ. ನನಗೇನೋ ಅದು ಪೂರ್ತಿ ನಂಬಿಕೆ ಬರೋದಿಲ್ಲ. ಮಣ್ಣು ಕಟ್ಟುವುದಕ್ಕೆ ತಂದ ಮರವನ್ನು ಗುಡ್ಡದಲ್ಲಿ ನೆಡುತ್ತಾರೆಯೇ ಹೊರತು ತೋಟದಲ್ಲಿ ಸಾಕುವುದಿಲ್ಲ. ಬ್ರೆಜಿಲಿನಲ್ಲಿ ಹಣ್ಣಿನ ರುಚಿ ನೋಡಿದವರು ಇಲ್ಲಿಯೂ ಅದನ್ನು ಬಯಸಿರಬೇಕು. ಗೋವೆಯಲ್ಲಿ ಇವತ್ತಿಗೂ ಗೇರುಹಣ್ಣಿನ ಫೆನಿ ಇಳಿಸುವುದನ್ನು ನೋಡಿದರೆ ಈ ಮಾತು ಸರಿಯೆನಿಸುತ್ತದೆ. ಇರಲಿ. ಯಾತಕ್ಕೆ ತಂದರೋ, ಬಂದ ಮರ ಹಕ್ಕಿ ಬಾವಲಿಗಳ ಜೊತೆ, ದನಗಾಹಿ ಹುಡುಗರ ಜೊತೆ ಗುಡ್ಡ ಹತ್ತಿತು.

ಈಗ ಒಂದು ಮೋಜಿನ ಸಂಗತಿ ಕೇಳಿ. ಹೊಸ ಮರ ಬಂತು, ಅದಕ್ಕೆ ಹೆಸರಿಡಬೇಕಲ್ಲ? ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ನಮ್ಮ ಕಾಡಿನಲ್ಲಿ ಮೊದಲಿಂದಲೂ ಒಂದು ಗೇರು ಇತ್ತು. ಕರಿಗೇರು, ಗುಡ್ಡೆಗೇರು ಅಂತಾರಲ್ಲ, ಸಂಸ್ಕೃತದಲ್ಲಿ ಭಲ್ಲಾತಕ, ಅದು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರ ಕಾಯಿಯ ಎಣ್ಣೆಯಿಂದಲೇ. ಅದರ ಎಣ್ಣೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಕಾಯಿಯ ತೊಟ್ಟು ಉಬ್ಬಿ ಹಣ್ಣಿನಂತೆ ಆಗುತ್ತದೆ. ಒಳಗೆ ತಿನ್ನುವ ತಿರುಳಿದೆ. ಪರದೇಶದಿಂದ ಬಂದದ್ದೂ ಹಾಗೆಯೇ ಇತ್ತು. ಎರಡೂ ಒಂದೇ ಕುಲದ ಮರಗಳು, ದಾಯಾದಿಗಳು. ಹಳ್ಳಿಯವರ ಕಣ್ಣು ಅದನ್ನು ಥಟ್ಟನೆ ಗುರುತಿಸಿತು. ಕನ್ನಡದಲ್ಲಿ ಗೇರು ಎಂಬ ಹೆಸರು ಹೊಸಬನಿಗೆ ಹೋಯಿತು. ತೆಲುಗರು ನಲ್ಲಜೀಡಿಯ ಹೆಸರು ತೆಗೆದು 'ಜೀಡಿಮಾಮಿಡಿ' ಮಾಡಿದರು. ಮರಾಠಿಯಲ್ಲಿ ಬಿಬ್ಬಾ ಎಂದರೆ ಕರಿಗೇರು. ನಮ್ಮ ಕರಾವಳಿಯ ಕೊಂಕಣಿಗರ ಮನೆಯಲ್ಲಿ 'ಬಿಬ್ಬೊ' ಎಂದರೆ ಎಳೆಯ ಗೇರುಬೀಜ. ಗೋಡಂಬಿ ಎಂಬ ಮಾತೂ ಹಾಗೆಯೇ. ಮಹಾರಾಷ್ಟ್ರದ ಅಂಗಡಿಯಲ್ಲಿ ಗೋಡಂಬಿ ಕೇಳಿದರೆ ಕೊಡುವುದು ಬಿಬ್ಬೆಯ ತಿರುಳನ್ನು, ಕಾಜುವನ್ನಲ್ಲ. ಮಲೆಯಾಳಿಗಳು ಮಾತ್ರ ಬೇರೆ ದಾರಿ ಹಿಡಿದು 'ಪರಂಗಿಮಾವು' ಎಂದರು, ಪರಂಗಿಯವರು ತಂದ ಮಾವು. ಅವರ ಊಹೆಯೂ ತಪ್ಪಲ್ಲ, ಮಾವೂ ಅದೇ ಕುಲದ್ದು.

ಓದಿದವರು ಇದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಯುರೋಪಿನ ಔಷಧದ ಅಂಗಡಿಗಳಲ್ಲಿ 'ಅನಕಾರ್ಡಿಯಂ' ಎಂದರೆ ನಮ್ಮ ಕರಿಗೇರೇ ಆಗಿತ್ತು. ಲಿನೇಯಸ್ ಪಂಡಿತ ೧೭೫೩ರಲ್ಲಿ ಆ ಹೆಸರನ್ನು ಬ್ರೆಜಿಲಿನ ಮರಕ್ಕೆ ಕೊಟ್ಟು, ಮುಂದೆ 'ಆಕ್ಸಿಡೆಂಟೇಲ್' ಎಂದು ಸೇರಿಸಿದ. ಅಂದರೆ ಪಡುವಣ ಗೇರು. ನಮ್ಮ ದನಗಾಹಿಗಳೂ ಆ ಪಂಡಿತನೂ ಒಂದೇ ಲೆಕ್ಕ ಹಾಕಿದರು ಅನ್ನಿ.

ಕೊಚ್ಚಿಯ ತೋಟದಿಂದ ಗುಡ್ಡಕ್ಕೆ ಹತ್ತಿದ ಮರ ಮುನ್ನೂರು ವರ್ಷಕ್ಕೂ ಮೇಲೆ ಬೇಲಿಯ ಮರವಾಗಿ, ಗುಡ್ಡದ ಮರವಾಗಿ ಸುಮ್ಮನಿತ್ತು. ಹಣ್ಣು ಮಕ್ಕಳಿಗೆ, ದನಕ್ಕೆ. ಬೀಜ ಮನೆಯ ಮಟ್ಟಿಗೆ. ಒಣಗಿದ ಸೋಗೆಯ ಬೆಂಕಿಗೆ ಹಾಕಿ ಸುಟ್ಟು ಕಲ್ಲಿನಿಂದ ಜಜ್ಜಿ ತಿನ್ನುವುದು, ಹಬ್ಬಕ್ಕೆ ಒಂದಿಷ್ಟು. ಅಂಗಡಿಯಲ್ಲಿ ತೂಕ ಹಾಕಿ ಮಾರುವ ಭಾರೀ ಸರಕು ಆಗಿರಲಿಲ್ಲ. ಹಾಗೆ ಆದದ್ದು ೧೯೨೦ರ ದಶಕದಲ್ಲಿ, ಅಮೆರಿಕದವರು ಇದರ ರುಚಿ ಹಿಡಿದ ಮೇಲೆ.

ಆಗಿನ ತಿರುವಾಂಕೂರು ಸಂಸ್ಥಾನದ ಕೊಲ್ಲಂ ಊರಿನಲ್ಲಿ ಬೀಜ ಒಡೆಯುವ ಕಾರ್ಖಾನೆಗಳು ಎದ್ದವು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಮಂಗಳೂರಿನಲ್ಲೂ ಎದ್ದವು. ತಿರುಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಡಗು ಹತ್ತಿಸಿದರು. ನ್ಯೂಯಾರ್ಕಿಗೆ ತಿಂಗಳುಗಟ್ಟಲೆಯ ಪ್ರಯಾಣ. ಅಲ್ಲಿ ಮುಚ್ಚಳ ತೆಗೆದರೆ ಒಳಗೆ ಹುಳು! ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆಮೇಲೆ ಒಂದು ಉಪಾಯ ಕಂಡುಹಿಡಿದರು. ತಗಡಿನ ಡಬ್ಬಿಯಲ್ಲಿ ತಿರುಳು ತುಂಬಿ, ಒಳಗಿನ ಗಾಳಿ ಎಳೆದು, ಬದಲಿಗೆ ಇಂಗಾಲಾಮ್ಲ ಅನಿಲ ತುಂಬಿಸಿ ಬೆಸುಗೆ ಹಾಕುವುದು. ಹುಳುವಿಗೆ ಉಸಿರಿಲ್ಲ, ಎಣ್ಣೆ ಕಮಟುವುದಕ್ಕೆ ಗಾಳಿಯಿಲ್ಲ. ಒಂದು ಡಬ್ಬಿಗೆ ೨೫ ಪೌಂಡು, ಎಂದರೆ ೧೧ ಕಿಲೋ ೩೪೦ ಗ್ರಾಂ. ಈ ಡಬ್ಬಿಯಿಂದಲೇ ಗೋಡಂಬಿ ಲೋಕದ ಸರಕು ಆದದ್ದು. ನಮ್ಮ ಕಥೆಗೆ ಬೇಕಾದ ಗಂಟೂ ಇಲ್ಲಿಯೇ ಇದೆ.

ಏನು ಆ ಗಂಟು? ಡಬ್ಬಿ ಕೊಳ್ಳುವವನು ಏಳು ಸಮುದ್ರದಾಚೆ ಇದ್ದಾನೆ. ಅವನು ಸರಕನ್ನು ಮುಟ್ಟಿ ನೋಡಲಾರ. ಆದ್ದರಿಂದ ಕಣ್ಣಿಗೆ ಕಾಣುವ, ಎಣಿಸಬಲ್ಲ ಗುಣಗಳ ಮೇಲೆ ದರ್ಜೆ ಕಟ್ಟಬೇಕಾಯಿತು. ಬೀಜ ಇಡಿಯಾಗಿದೆಯೇ? ಬೆಳ್ಳಗಿದೆಯೇ? ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತವೆ? ಇವತ್ತಿಗೂ ಅಂಗಡಿಯಲ್ಲಿ ೧೮೦, ೨೧೦, ೨೪೦, ೩೨೦, ೪೫೦ ಅಂತ ನಂಬರು ಹೇಳ್ತಾರಲ್ಲ, ಅದು ಆ ಪೌಂಡಿನ ಲೆಕ್ಕವೇ. ೧೮೦ ಎಂದರೆ ಪೌಂಡಿಗೆ ಹೆಚ್ಚೆಂದರೆ ೧೮೦ ಬೀಜ, ದಪ್ಪ ಬೀಜ. ೪೫೦ ಎಂದರೆ ಪೌಂಡಿಗೆ ೪೫೦, ಸಣ್ಣ ಬೀಜ. ನಮ್ಮ ದೇಶದಲ್ಲಿ ಪೌಂಡು ಹೋಗಿ ಕಿಲೋ ಬಂದು ಎಷ್ಟೋ ಕಾಲವಾಯಿತು, ಗೋಡಂಬಿಗೆ ಮಾತ್ರ ಪೌಂಡು ಬಿಟ್ಟಿಲ್ಲ. ನಂಬರು ಸಣ್ಣದಾದಷ್ಟೂ ಬೆಲೆ ಏರುತ್ತದೆ. ಆದರೆ ಗಮನಿಸಿ: ಈ ದರ್ಜೆಯಲ್ಲಿ ರುಚಿ ಎಂಬ ಮಾತೇ ಇಲ್ಲ!

ಇಡಿಯಾಗಿ ಬೀಜ ತೆಗೆಯೋದು ಎಷ್ಟು ಕಷ್ಟ ಎಂಬುದನ್ನು ಗೇರು ಬೆಳೆಯದ ಸೀಮೆಯವರಿಗೆ ಹೇಳಲೇಬೇಕು. ಬೀಜದ ಚಿಪ್ಪು ಎರಡು ಪದರದ್ದು. ನಡುವೆ ಜೇನುಗೂಡಿನ ಹಾಗೆ ಕಣ್ಣು ಕಣ್ಣು. ಆ ಕಣ್ಣುಗಳಲ್ಲಿ ಕಂದುಬಣ್ಣದ ಸುಡುವ ಎಣ್ಣೆ ತುಂಬಿರುತ್ತದೆ. ಅದು ತಾಗಿದ ಚರ್ಮ ಮೊದಲು ಉರಿಯುತ್ತದೆ, ಆಮೇಲೆ ಬೊಬ್ಬೆ, ಕಡೆಗೆ ಸುಲಿದು ಬರುತ್ತದೆ. ನಾನು ಚಿಕ್ಕವನಿದ್ದಾಗ ಪಂಥ ಕಟ್ಟಿ ಹಸಿ ಬೀಜವನ್ನು ಹಲ್ಲಿನಿಂದ ಕಚ್ಚಿ, ತುಟಿ ಹಲಸಿನ ತೊಳೆಯಷ್ಟು ಊದಿಸಿಕೊಂಡು ಹದಿನೈದು ದಿವಸ ಗಂಜಿ ಕುಡಿದದ್ದುಂಟು. ಅದೇ ಎಣ್ಣೆ ಕಾರ್ಖಾನೆಗೆ ಬೆಲೆಯುಳ್ಳ ವಸ್ತು. ಬಣ್ಣ, ವಾರ್ನಿಷು, ಮೋಟಾರಿನ ಬ್ರೇಕಿನ ಪಟ್ಟಿ ಇವಕ್ಕೆಲ್ಲ ಬೇಕು.

ಕಾರ್ಖಾನೆಯಲ್ಲಿ ಬೀಜವನ್ನು ಮೊದಲು ಹುರಿಯುತ್ತಾರೆ, ಇಲ್ಲವೇ ಕಾದ ಗೇರೆಣ್ಣೆಯಲ್ಲೇ ಅದ್ದಿ ತೆಗೆಯುತ್ತಾರೆ, ಇಲ್ಲವೇ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಒಂದೊಂದನ್ನೇ ಒಡೆಯಬೇಕು. ದಶಕಗಟ್ಟಲೆ ಈ ಕೆಲಸ ನಡೆದದ್ದು ನೆಲದ ಮೇಲೆ ಸಾಲಾಗಿ ಕುಳಿತ ಹೆಂಗಸರ ಕೈಯಲ್ಲಿ. ಎಡಗೈಯಲ್ಲಿ ಬೀಜ, ಬಲಗೈಯಲ್ಲಿ ಮರದ ಕೊಡತಿ, ಪಕ್ಕದಲ್ಲಿ ಒಂದು ಗುಡ್ಡೆ ಬೂದಿ. ಬೂದಿ ಹಚ್ಚಿದರೆ ಎಣ್ಣೆ ಬೆರಳಿಗೆ ಅಷ್ಟು ಹತ್ತುವುದಿಲ್ಲ. ಅಷ್ಟು ಹತ್ತುವುದಿಲ್ಲ ಅಂದೆ, ಹತ್ತುವುದೇ ಇಲ್ಲ ಅನ್ನಲಿಲ್ಲ. ಅವರ ಬೆರಳ ತುದಿ ನೋಡಿದವರು ಮರೆಯುವುದಿಲ್ಲ. ಪೆಟ್ಟು ಒಂದು ಗುಲಗಂಜಿ ಹೆಚ್ಚಾದರೆ ತಿರುಳು ಹೋಳಾಯಿತು. ಕಡಮೆಯಾದರೆ ಚಿಪ್ಪು ಬಿಡಲಿಲ್ಲ. ಕೂಲಿಯೋ ತೂಕದ ಲೆಕ್ಕ. ಒಡೆದ ತಿರುಳನ್ನು 'ಬೋರ್ಮಾ' ಎಂಬ ಬಿಸಿ ಕೋಣೆಯಲ್ಲಿ ಒಣಗಿಸಿ, ಇನ್ನೊಂದು ಸಾಲು ಹೆಂಗಸರು ಕೆಂಪು ಸಿಪ್ಪೆ ತೆಗೆಯುತ್ತಿದ್ದರು, ಮತ್ತೊಂದು ಸಾಲಿನವರು ದರ್ಜೆ ವಿಂಗಡಿಸುತ್ತಿದ್ದರು. ೩೨೦ರ ದರ್ಜೆಯ ಒಂದು ಕಿಲೋ ಗೋಡಂಬಿಯಲ್ಲಿ ಸುಮಾರು ೭೦೦ ಬೀಜ. ಏಳುನೂರು ಸಲ ಕೊಡತಿ ಏಳಬೇಕು, ಏಳುನೂರು ಸಲ ಸರಿಯಾಗಿ ಬೀಳಬೇಕು. ಈಗ ಕಾಲಿನಲ್ಲಿ ಒತ್ತುವ ಕತ್ತರಿ ಯಂತ್ರ ಬಂದಿವೆ, ತಾನೇ ಒಡೆಯುವ ಯಂತ್ರಗಳೂ ಬಂದಿವೆ. ಆದರೂ ಕೆಲಸದ ಸೂಕ್ಷ್ಮ ಹೋಗಿಲ್ಲ.

ಈ ಕೈಚಳಕ ಎಷ್ಟು ಹೆಸರುವಾಸಿಯಾಯಿತೆಂದರೆ ೧೯೩೦ರ ದಶಕದಿಂದ ಪೂರ್ವ ಆಫ್ರಿಕದ ಮೊಜಾಂಬಿಕ್, ಟಾಂಗನೀಕಗಳ ಬೀಜವೂ ಒಡೆಯುವುದಕ್ಕಾಗಿ ನಮ್ಮ ಕರಾವಳಿಗೆ ಹಡಗಿನಲ್ಲಿ ಬರತೊಡಗಿತು. ಅಲ್ಲಿಗೂ ಈ ಮರವನ್ನು ಮುಟ್ಟಿಸಿದವರು ಪೋರ್ಚುಗೀಸರೇ. ಅಂತೂ ಬ್ರೆಜಿಲಿನ ಮರ, ಆಫ್ರಿಕದ ಬೆಳೆ, ಕೊಲ್ಲಂ ಮಂಗಳೂರಿನ ಹೆಂಗಸರ ಬೆರಳು, ಅಮೆರಿಕದವರ ತಟ್ಟೆ. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ೧೯೫೫ರಲ್ಲಿ ಗೋಡಂಬಿ ರಫ್ತಿಗೆಂದೇ ಒಂದು ಮಂಡಳಿ ಆಯಿತು. ೧೯೭೦ರಲ್ಲಿ ಹೊರಗಿನ ಬೀಜ ತರಿಸುವ ಕೆಲಸಕ್ಕೆ ಸರಕಾರದ್ದೇ ಒಂದು ನಿಗಮ ಆಯಿತು. ನಮ್ಮ ರಾಜ್ಯದಲ್ಲಿ ೧೯೭೮ರಲ್ಲಿ ಗೇರು ಅಭಿವೃದ್ಧಿ ನಿಗಮ, ೧೯೮೬ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾದವು. ಉಳ್ಳಾಲ, ಚಿಂತಾಮಣಿಯ ಸಂಶೋಧನಾ ಕೇಂದ್ರಗಳು ಕೊಟ್ಟ ತಳಿಗಳಿಂದ ಕರಾವಳಿಯಲ್ಲಷ್ಟೇ ಅಲ್ಲ, ಬಯಲುಸೀಮೆಯ ಕೋಲಾರದ ಕಡೆಯೂ ಗೇರು ಹಬ್ಬಿತು. ೨೦೦೬ರ ಹೊತ್ತಿಗೆ ವಿಯಟ್ನಾಂ ದೇಶ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಇನ್ನೊಂದು ಕಡೆ ನಮ್ಮ ದೇಶದ ಜನವೇ ಗೋಡಂಬಿಯನ್ನು ಹೆಚ್ಚು ಹೆಚ್ಚು ತಿನ್ನತೊಡಗಿದರು. ಹಾಗಿದ್ದರೂ ದರ್ಜೆಯ ಪಟ್ಟಿ ಮಾತ್ರ ಆ ಹಳೆಯ ಡಬ್ಬಿಯ ಕಾಲದ್ದೇ.

ಇದೆಲ್ಲಾ ಪುರಾಣ ಯಾಕೆ ಹೇಳಿದೆ ಅಂದರೆ, ನಾವು ಅಂಗಡಿಯಲ್ಲಿ ಕೊಡುವ ದುಡ್ಡಿನ ದೊಡ್ಡ ಪಾಲು ಬೀಜ ಇಡಿಯಾಗಿ, ಬೆಳ್ಳಗೆ, ದಪ್ಪಗೆ ಉಳಿದದ್ದಕ್ಕೆ. ಇಡಿಯಾಗಿ ಮನೆಗೆ ತಂದು ಏನು ಮಾಡುತ್ತೇವೆ? ಕೇಸರಿಬಾತಿಗೆ ಹೋಳು ಮಾಡುತ್ತೇವೆ, ಸಾಗುವಿಗೆ ಅರೆಯುತ್ತೇವೆ, ಬರ್ಫಿಗೆ ಪುಡಿ ಮಾಡುತ್ತೇವೆ! ಆ ಹೆಂಗಸು ಏಳುನೂರು ಸಲ ಉಸಿರು ಹಿಡಿದು ಒಡೆಯದೆ ಉಳಿಸಿದ್ದನ್ನು ನಾವು ಹೆಚ್ಚು ದುಡ್ಡು ಕೊಟ್ಟು ತಂದು ಒಂದು ಗಳಿಗೆಯಲ್ಲಿ ಒಡೆಯುತ್ತೇವೆ.

ಆದ್ದರಿಂದ ಅಂಗಡಿಗೆ ಹೋದಾಗ ಮೊದಲು 'ತುಂಡು ಇದೆಯೇ' ಎಂದು ಕೇಳಿ. ನಾಚಿಕೆಪಡಬೇಡಿ. ಬೀಜ ಉದ್ದಕ್ಕೆ ಎರಡು ಎಸಳಾಗಿ ಬಿಟ್ಟುಕೊಂಡರೆ ಅದು ಹೋಳು. ಇದು ಪೆಟ್ಟು ತಿಂದು ಮುರಿದದ್ದೂ ಅಲ್ಲ, ಕಡಲೆಬೇಳೆಯಂತೆ ಸಹಜವಾಗಿ ಬಿಟ್ಟದ್ದು. ತುಪ್ಪದಲ್ಲಿ ಹುರಿದು ಪಾಯಸದ ಮೇಲೆ ಹಾಕಿದರೆ ಇಡಿಯದಕ್ಕಿಂತ ಚೆಂದವೇ ಕಾಣುತ್ತದೆ. ಅದಕ್ಕಿಂತ ಸಣ್ಣದು ನಾಲ್ಕು ತುಂಡು, ಎಂಟು ತುಂಡು ಅಂತ ಸಿಗುತ್ತದೆ. ಉಪ್ಪಿಟ್ಟು, ಪೊಂಗಲ್, ಚಿತ್ರಾನ್ನ, ಉಂಡೆಗಳಿಗೆ ಅದು ಸಾಕು. ಎಲ್ಲಕ್ಕಿಂತ ಅಗ್ಗದ್ದು ನುಚ್ಚು. ಅರೆಯುವ ಕೆಲಸಕ್ಕೆ ನುಚ್ಚಿಗಿಂತ ಮೇಲಿನದನ್ನು ತರುವುದು ಶುದ್ಧ ದಂಡ. ಇನ್ನೊಂದು ಜಾತಿ ಉಂಟು: ಹುರಿಯುವಾಗ ಕೊಂಚ ಹೆಚ್ಚು ಕಾವು ತಾಗಿ ತಿಳಿಗಂದು ಬಣ್ಣಕ್ಕೆ ತಿರುಗಿದ ಬೀಜ. ಬಿಳಿಯದಕ್ಕಿಂತ ಇದರ ಬೆಲೆ ಕಡಮೆ. ಹೇಗೂ ಮನೆಯಲ್ಲಿ ಹುರಿದು ಕಂದು ಮಾಡುವವರೇ ನಾವು, ಕಾರ್ಖಾನೆಯಲ್ಲೇ ಒಂದಿಷ್ಟು ಆದರೆ ನಷ್ಟವೇನು? ಕಪ್ಪು ಕಲೆ ಬಿದ್ದದ್ದು, ಸೀದ ವಾಸನೆಯದು ಮಾತ್ರ ಬೇಡ. ಅತಿಥಿಗಳ ಮುಂದೆ ತಟ್ಟೆಯಲ್ಲಿಡಬೇಕು, ಬೀಗರು ಬರುತ್ತಾರೆ ಎಂದಾದರೆ ಇಡೀ ಬೀಜ ತನ್ನಿ. ಆಗಲೂ ೩೨೦ ಸಾಕು, ೧೮೦ರ ಹೆಮ್ಮೆ ಬೇಡ.

ತುಂಡು ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಇಡಿಯದಕ್ಕಿಂತ ತುಂಡಿಗೆ ಗಾಳಿ ತಾಗುವ ಮೈ ಹೆಚ್ಚು, ಆದ್ದರಿಂದ ಬೇಗ ಕಮಟುತ್ತದೆ. ಒಂದು ಚೂರು ಬಾಯಿಗೆ ಹಾಕಿ ನೋಡಿ. ಸಿಹಿಯಾಗಿ ಕಟುಮ್ಮೆಂದರೆ ಹೊಸದು. ಮೆತ್ತಗಿದ್ದರೆ ತೇವ ಹಿಡಿದದ್ದು. ನಾಲಿಗೆಯ ಹಿಂದುಗಡೆ ಹಳೆ ಎಣ್ಣೆಯ ರುಚಿ ಬಂದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ಪೊಟ್ಟಣದ ಮೂಲೆಯಲ್ಲಿ ಜೇಡರ ಬಲೆಯಂಥ ನೂಲು, ಪುಡಿ ಕಂಡರೆ ಒಳಗೆ ಹುಳು ಸಂಸಾರ ಹೂಡಿದೆ ಅಂತ ತಿಳಿಯಿರಿ. ಹಬ್ಬದ ವಾರದಲ್ಲಿ ಕೊಳ್ಳುವುದಕ್ಕಿಂತ ಒಂದು ತಿಂಗಳು ಮುಂಚೆ, ನಾಲ್ಕು ಮನೆಯವರು ಸೇರಿ ಎರಡು ಕಿಲೋ ತುಂಡು ತಂದು ಹಂಚಿಕೊಂಡರೆ ಲಾಭ. ಮನೆಗೆ ತಂದದ್ದನ್ನು ತೇವವಿಲ್ಲದ ಗಾಜಿನ ಭರಣಿಗೆ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿಡಿ; ಶೀತಪೆಟ್ಟಿಗೆ ಇದ್ದವರು ಅದರಲ್ಲಿಟ್ಟರೆ ಇನ್ನೂ ಒಳ್ಳೆಯದು. ಹಳೆಯ ಡಬ್ಬಿಯ ಉಪಾಯವೂ ಗಾಳಿ ತಾಗಿಸದಿರುವುದೇ ಆಗಿತ್ತಲ್ಲ.

ಹುರಿಯುವ ಹದ ಅನೇಕರಿಗೆ ತಪ್ಪುತ್ತದೆ. ತುಪ್ಪ ಹೊಗೆಯಾಡುವಷ್ಟು ಕಾಯಿಸಿ ತುಂಡು ಸುರಿದರೆ ಹೊರಗೆ ಕರಿ, ಒಳಗೆ ಹಸಿ. ತುಪ್ಪ ಕರಗುತ್ತಲೇ ಗೋಡಂಬಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಬೇಕು. ನಸುಹೊಂಬಣ್ಣ ಬಂತು ಎನ್ನುವಾಗಲೇ ತೆಗೆದುಬಿಡಿ, ಬಾಣಲೆಯಿಂದ ಇಳಿದ ಮೇಲೂ ತನ್ನ ಕಾವಿಗೆ ತಾನೇ ಇನ್ನಷ್ಟು ಕೆಂಪಾಗುತ್ತದೆ. ಅರೆಯುವುದಕ್ಕಾದರೆ ನುಚ್ಚನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಆ ನೀರಿನಲ್ಲೇ ಅರೆಯಿರಿ. ಒಂದು ಹಿಡಿ ನುಚ್ಚಿನ ಜೊತೆಗೆ ಒಂದು ಚಮಚ ಗಸಗಸೆಯನ್ನೋ ಸ್ವಲ್ಪ ಹಸಿ ಕೊಬ್ಬರಿಯನ್ನೋ ಸೇರಿಸಿದರೆ ಸಾಗು ಅಷ್ಟೇ ಗಟ್ಟಿ ಬರುತ್ತದೆ, ಗೋಡಂಬಿ ಅರ್ಧ ಉಳಿಯುತ್ತದೆ. ಬರ್ಫಿಗೂ ನುಚ್ಚೇ ಸಾಕು. ಪುಡಿ ಮಾಡುವಾಗ ಯಂತ್ರವನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜರಡಿ ಹಿಡಿದು, ಪುಡಿಯ ತೂಕದ ಅರ್ಧ ಸಕ್ಕರೆಗೆ ಒಂದೆಳೆ ಪಾಕ ತೆಗೆದು ಬೆರೆಸಿದರೆ, ಇಡೀ ಬೀಜದ್ದೋ ನುಚ್ಚಿನದ್ದೋ ಎಂದು ಹೇಳುವ ಜಾಣರನ್ನು ನಾನಂತೂ ಕಂಡಿಲ್ಲ.

ಇನ್ನು ಗೇರು ಬೆಳೆಯುವ ಸೀಮೆಯ ಕೇಳುಗರಿಗೆ ಎರಡು ಮಾತು. ಫೆಬ್ರವರಿ ಮಾರ್ಚಿಯಲ್ಲಿ ಇನ್ನೂ ಹಸುರಾಗಿರುವ ಎಳೆ ಬೀಜವನ್ನು ಉದ್ದಕ್ಕೆ ಸೀಳಿ, ಕಡ್ಡಿಯಿಂದ ತಿರುಳು ಎಬ್ಬಿಸಿ, ಬಿಸಿನೀರಿಗೆ ಹಾಕಿ ಸಿಪ್ಪೆ ಕಳೆದು, ತೊಂಡೆಕಾಯಿಯ ಜೊತೆ ಪಲ್ಯ ಮಾಡುವುದು ಕೊಂಕಣಿಗರ ಮನೆಯ ಪದ್ಧತಿ. ಬಿಬ್ಬೆ ಉಪ್ಕರಿ ಎನ್ನುತ್ತಾರೆ. ಯಾವ ಕಾರ್ಖಾನೆಯೂ ಬೇಡ. ಸೀಳುವ ಮುಂಚೆ ಅಂಗೈಗೆ, ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಧಾರಾಳ ಸವರಿಕೊಳ್ಳುವುದು ಮಾತ್ರ ಮರೆಯಬಾರದು.

ಎರಡನೆಯದು ಲೆಕ್ಕದ ಮಾತು. ನಾಲ್ಕು ಕಿಲೋ ಒಣಗಿದ ಬೀಜಕ್ಕೆ ಸುಮಾರು ಒಂದು ಕಿಲೋ ತಿರುಳು. ಮನೆಯಲ್ಲಿ ಒಡೆದರೆ ಇನ್ನೂ ಸ್ವಲ್ಪ ಕಡಮೆಯೇ ಅನ್ನಿ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಬೀಜಕ್ಕೆ ಸಿಕ್ಕುವ ದರವನ್ನು ನಾಲ್ಕರಿಂದ ಗುಣಿಸಿ, ದೀಪಾವಳಿಯ ಅಂಗಡಿ ದರದ ಪಕ್ಕದಲ್ಲಿ ಬರೆದು ನೋಡಿ. ಮಾರುವ ಬೆಳೆಯನ್ನೆಲ್ಲ ಹಿಡಿದಿಡಿ ಅಂತ ನಾನು ಹೇಳೋದಿಲ್ಲ, ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಅದು ಆಗದ ಮಾತು. ಮನೆಗೆಂದು ನಾಲ್ಕೈದು ಕಿಲೋ ಎತ್ತಿಡುವುದು ಆಗದ್ದೇನಲ್ಲ. ನೀರಿಗೆ ಹಾಕಿ, ತೇಲಿದ ಜೊಳ್ಳನ್ನು ತೆಗೆದುಬಿಡಿ. ಮುಳುಗಿದ್ದನ್ನು ಮೂರು ದಿವಸ ಚೆನ್ನಾಗಿ ಬಿಸಿಲಿಗೆ ಹರವಿ, ಅಲ್ಲಾಡಿಸಿದರೆ ಕಲ್ಲಿನಂತೆ ಸದ್ದು ಬರುವಷ್ಟು ಒಣಗಿಸಿ, ಮಳೆಗಾಲದ ತೇವ ತಾಗದ ಅಟ್ಟದ ಮೇಲಿಡಿ. ಚಿಪ್ಪಿನೊಳಗಿರುವ ತನಕ ತಿರುಳು ಒಂದು ವರ್ಷ ಕೆಡುವುದಿಲ್ಲ. ಚಿಪ್ಪಿನ ಸುಡುವ ಎಣ್ಣೆಯೇ ಅದರ ಕಾವಲುಗಾರ.

ಹತ್ತಿರದಲ್ಲಿ ಸಣ್ಣ ಬೀಜ ಒಡೆಯುವ ಘಟಕವಿದ್ದರೆ ಕೂಲಿ ಕೊಟ್ಟು ಒಡೆಸಿಕೊಳ್ಳುವುದೇ ಲೇಸು. ಮನೆಯಲ್ಲೇ ಸುಡುವವರು ಅಡಿಗೆಮನೆಯಲ್ಲಿ ಖಂಡಿತಾ ಸುಡಬಾರದು. ಅದರ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಅಂಗಳದಾಚೆ, ಗಾಳಿ ಮನೆಯ ಕಡೆ ಬೀಸದ ಜಾಗದಲ್ಲಿ, ಅಡಿಗೆಗೆ ಮತ್ತೆಂದೂ ಬಳಸದ ತೂತು ತಗಡಿನಲ್ಲಿ, ಮಕ್ಕಳನ್ನು ದೂರ ನಿಲ್ಲಿಸಿ, ಉದ್ದ ಕೋಲಿನಿಂದ ಆಡಿಸುತ್ತಾ ಸುಡಬೇಕು. ಎಣ್ಣೆ ಒಸರಿ ಧಗ್ಗೆಂದು ಉರಿ ಹತ್ತುತ್ತದೆ, ಹೆದರಬೇಡಿ, ಮೈಮರೆಯಲೂ ಬೇಡಿ. ಚಿಪ್ಪು ಕರಿದಾಗುತ್ತಲೇ ನೆಲಕ್ಕೆ ಸುರುವಿ ಬೂದಿ ಮುಚ್ಚಿ. ಪೂರ್ತಿ ಆರಿದ ಮೇಲೆ ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡು, ಬೀಜವನ್ನು ಅಂಚಿನ ಮೇಲೆ ನಿಲ್ಲಿಸಿ ಮರದ ಕೊಡತಿಯಿಂದ ಹದವಾಗಿ ಒಂದು ಪೆಟ್ಟು. ಚಿಪ್ಪನ್ನು ಬಚ್ಚಲ ಒಲೆಗೆ ಹಾಕಬೇಡಿ, ಅದರ ಹೊಗೆಯೂ ಒಳ್ಳೆಯದಲ್ಲ. ತಿರುಳಿನ ಕೆಂಪು ಸಿಪ್ಪೆಯನ್ನು ಅದೇ ಗಳಿಗೆಯಲ್ಲಿ ಉಗುರಿನಿಂದ ಕೆರೆಯುತ್ತಾ ಕೂಡಬೇಡಿ. ಒಂದು ದಿವಸ ಒಳ್ಳೇ ಬಿಸಿಲಿಗಿಟ್ಟು, ಆಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ತಾನಾಗಿ ಉದುರುತ್ತದೆ.